ಸಿಮೆಂಟ್ ಬೆರೆತ ರಸ್ತೆಗೂ ತೇವ ಏರುತ್ತದೆ

ಡಾಂಬರಿನ ಕೆಳಗೆ ಸಿಮೆಂಟ್ ಬೆರೆಸಿ ಗಟ್ಟಿಸಿದ ತಳಪದರಕ್ಕೆ ನೀರು ಎರಡು ದಾರಿಯಲ್ಲಿ ಬರುತ್ತದೆ. ಮೇಲಿನ ಬಿರುಕಿನಿಂದ ಇಳಿಯುವ ಮಳೆನೀರು ಕಣ್ಣಿಗೆ ಕಾಣುತ್ತದೆ, ಬೈಗುಳವೂ ಅದಕ್ಕೇ ಹೆಚ್ಚು. ಅಡಿಯ ಮಣ್ಣಿನಿಂದ ಸದ್ದಿಲ್ಲದೆ ಏರುವ ತೇವ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಮಗ್ಗುಲಿಗೆ ನಾಲೆ, ಇನ್ನೊಂದು ಮಗ್ಗುಲಿಗೆ ಗದ್ದೆ ಇಟ್ಟುಕೊಂಡು ಸಾಗುವ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯ ರಸ್ತೆಗಳಲ್ಲಿ ಈ ಎರಡನೆಯ ದಾರಿಯ ನೀರು ಬೇಸಿಗೆಯಲ್ಲೂ ಪೂರ್ತಿ ನಿಲ್ಲುವುದಿಲ್ಲ. ಕೆ.ಆರ್. ಪೇಟೆಯಲ್ಲಿ ಕೆಲವು ಕಡೆ ಹಾಗೆ, ಕೆಲವು ಕಡೆ ಹೀಗೆ. ನಾಗಮಂಗಲದ ಮೇಡು ನೆಲದಲ್ಲಿ ಕಥೆಯೇ ಬೇರೆ.

ಸಿಮೆಂಟ್ ಬೆರೆತ ತಳಪದರ ಎಂದರೆ ಕಾಂಕ್ರೀಟ್ ರಸ್ತೆಯಲ್ಲ. ಜಲ್ಲಿ, ಕ್ರಷರ್ ಪುಡಿ, ಗರಸು ಇಲ್ಲವೇ ಸ್ಥಳೀಯ ಮಣ್ಣಿಗೆ ತೂಕದಲ್ಲಿ ನೂರಕ್ಕೆ ಮೂರರಿಂದ ಆರರಷ್ಟು ಸಿಮೆಂಟ್ ಬೆರೆಸಿ, ಹದವಾಗಿ ನೀರು ಹಾಕಿ, ರೋಲರ್ ಹಾಯಿಸಿ ಗಟ್ಟಿ ಮಾಡಿದ ಪದರ ಅದು. ಇಂಡಿಯನ್ ರೋಡ್ ಕಾಂಗ್ರೆಸ್‌ನ ಐಆರ್‌ಸಿ 37 ಎಂಬ ಮಾರ್ಗಸೂಚಿ ಇಂಥ ಬೇಸ್ ಪದರಕ್ಕೆ 4.5ರಿಂದ 7 ಮೆಗಾಪ್ಯಾಸ್ಕಲ್ ಬಲ ಕೇಳುತ್ತದೆ. ಮನೆಯ ಮೋಲ್ಡಿಗೆ ಹಾಕುವ ಎಂ-20 ಕಾಂಕ್ರೀಟಿನ ಬಲದಲ್ಲಿ ಇದು ಕಾಲುಭಾಗದ ಆಸುಪಾಸಿನಿಂದ ಮೂರನೇ ಒಂದು ಭಾಗದವರೆಗೆ ಆಯಿತು. ಜಲ್ಲಿ ಉಳಿಸಬೇಕು, ಪದರದ ದಪ್ಪ ಕಡಿಮೆ ಮಾಡಬೇಕು, ಹಳೆಯ ರಸ್ತೆಯ ಸಾಮಗ್ರಿಯನ್ನೇ ಅಗೆದು ಮತ್ತೆ ಬಳಸಬೇಕು ಎಂದಾಗ ಎಂಜಿನಿಯರುಗಳು ಈ ವಿಧಾನಕ್ಕೆ ಕೈ ಹಾಕುತ್ತಾರೆ. ವಿಧಾನ ಹೊಸದೇನಲ್ಲ. ಅಮೆರಿಕದ ಸೌತ್ ಕೆರೊಲಿನಾದಲ್ಲಿ 1935ರಲ್ಲೇ ಮಣ್ಣು-ಸಿಮೆಂಟಿನ ರಸ್ತೆಯನ್ನು ಲೆಕ್ಕಾಚಾರದಿಂದ ಕಟ್ಟಿ ನೋಡಿದ್ದರು.

ಎಷ್ಟೇ ರೋಲರ್ ಹಾಯಿಸಿದರೂ ಈ ಪದರ ಪೂರ್ತಿ ತುಂಬಿಕೊಳ್ಳುವುದಿಲ್ಲ. ನಮ್ಮ ಕಡೆಯ ಕಲ್ಲಿನ ಸ್ವಂತ ಸಾಂದ್ರತೆ ಘನಮೀಟರಿಗೆ ಸುಮಾರು 2,650 ಕಿಲೋ. ಗಟ್ಟಿಸಿದ ಮಿಶ್ರಣ 2,200 ಕಿಲೋ ತೂಗಿದರೆ ನೂರರಲ್ಲಿ ಹದಿನೇಳು ಪಾಲು ಜಾಗ ಇನ್ನೂ ಖಾಲಿ. ಜಲ್ಲಿಯ ಬದಲು ಮಣ್ಣೇ ಮುಖ್ಯವಾಗಿದ್ದು, 1,800 ಕಿಲೋ ತೂಗಿದರೆ ಮೂರರಲ್ಲಿ ಒಂದು ಪಾಲು ಖಾಲಿ. ಸಿಮೆಂಟ್ ಅದರಲ್ಲಿ ಸ್ವಲ್ಪವನ್ನು ತುಂಬುತ್ತದೆ, ಉಳಿದದ್ದು ಒಂದಕ್ಕೊಂದು ಕೂಡಿಕೊಂಡ ಸಣ್ಣ ಸಣ್ಣ ಸಂದುಗಳ ಜಾಲವಾಗಿ ಉಳಿಯುತ್ತದೆ. ನೀರು ಏರುವುದು ಈ ಜಾಲದಲ್ಲಿ.

ಏರುವ ಬಗೆ ದೀಪದ ಬತ್ತಿಯದೇ. ನೀರು ಕಲ್ಲು-ಮಣ್ಣಿನ ಕಣಕ್ಕೆ ಅಂಟುತ್ತದೆ, ನೀರಿನ ಮೇಲ್ಮೈ ಬಿಗಿದ ಪೊರೆಯಂತೆ ಎಳೆಯುತ್ತದೆ, ಸಂದು ಕಿರಿದಾದಷ್ಟೂ ಎಳೆತ ಗೆಲ್ಲುತ್ತದೆ. ಶಾಲೆಯ ಪುಸ್ತಕ ಇದನ್ನು ಲೋಮನಾಳ ಕ್ರಿಯೆ ಎನ್ನುತ್ತದೆ. ನೀರು ಎಷ್ಟು ಎತ್ತರಕ್ಕೆ ಏರಬಹುದು ಎಂಬ ಲೆಕ್ಕವನ್ನು ಇಂಗ್ಲೆಂಡಿನ ಜೇಮ್ಸ್ ಜ್ಯೂರಿನ್ 1718ರಲ್ಲೇ ಹೇಳಿದ್ದ: ಕೊಳವೆ ಸಣ್ಣದಾದಷ್ಟೂ ಏರಿಕೆ ಹೆಚ್ಚು. ಒಂದು ಮಿಲಿಮೀಟರ್ ತ್ರಿಜ್ಯದ ಕೊಳವೆಯಲ್ಲಿ ನೀರು ಒಂದೂವರೆ ಸೆಂಟಿಮೀಟರ್ ಏರಿದರೆ, ಅದರ ಹತ್ತನೇ ಒಂದು ಭಾಗದ ಕೊಳವೆಯಲ್ಲಿ ಹದಿನೈದು ಸೆಂಟಿಮೀಟರ್, ನೂರನೇ ಒಂದು ಭಾಗದಲ್ಲಿ ಒಂದೂವರೆ ಮೀಟರ್. ಮಣ್ಣಿನ ಸಂದುಗಳು ನೇರ ಕೊಳವೆಗಳಲ್ಲ, ಅಂಕುಡೊಂಕು. ಆದ್ದರಿಂದ ಇಷ್ಟೇ ಎಂದು ಅಳೆದು ಹೇಳಲಾಗದು. ಆದರೂ ದಪ್ಪ ಮರಳಿನಲ್ಲಿ ತೇವ ಗೇಣುದ್ದದೊಳಗೆ ನಿಂತುಬಿಡುವುದೂ, ಜೇಡಿಯಲ್ಲಿ ಆಳುದ್ದ ಏರುವುದೂ ಈ ಲೆಕ್ಕದಂತೆಯೇ.

ಸಿಮೆಂಟಿನ ವಿಚಾರದಲ್ಲಿ ಜನ ಎಡವುವುದು ಇಲ್ಲೇ. ಸಿಮೆಂಟ್ ಹಾಕಿದ ಮೇಲೆ ನೀರು ಏರುವುದಿಲ್ಲ ಎಂಬುದು ಸಾಮಾನ್ಯ ನಂಬಿಕೆ. ಸಿಮೆಂಟ್ ನಿಜಕ್ಕೂ ಮಾಡುವುದು ಸಂದುಗಳನ್ನು ಕಿರಿದು ಮಾಡುವ ಕೆಲಸ. ಕಿರಿದಾದ ಸಂದಿನ ಎಳೆತ ಇನ್ನೂ ಜೋರು, ಅಂದರೆ ನೀರು ಏರಬಹುದಾದ ಎತ್ತರ ಹೆಚ್ಚುತ್ತದೆ. ಆದರೆ ಕಿರಿದಾದ ಸಂದಿನಲ್ಲಿ ಘರ್ಷಣೆಯೂ ಹೆಚ್ಚು, ಆದ್ದರಿಂದ ಏರುವ ವೇಗ ತಗ್ಗುತ್ತದೆ. ತಳಪದರದ ದಪ್ಪ ಇರುವುದೇ ಹತ್ತರಿಂದ ಇಪ್ಪತ್ತು ಸೆಂಟಿಮೀಟರ್. ಅಷ್ಟನ್ನು ದಾಟಲು ಬೇಕಾದ ಎಳೆತ ಎಲ್ಲ ಮಿಶ್ರಣದಲ್ಲೂ ಇರುತ್ತದೆ. ಹಾಗಾಗಿ ಎಷ್ಟು ಎತ್ತರ ಎಂಬುದಕ್ಕಿಂತ ಎಷ್ಟು ಬೇಗ, ಎಷ್ಟು ನೀರು ಎಂಬುದೇ ರಸ್ತೆಯ ಆಯುಸ್ಸನ್ನು ತೀರ್ಮಾನಿಸುವ ಪ್ರಶ್ನೆ. ಸಿಮೆಂಟ್ ಸಾಕಷ್ಟಿದ್ದು, ಗಟ್ಟಿಸಿದ್ದು ಚೆನ್ನಾಗಿದ್ದರೆ ಸಂದುಗಳ ನಡುವಿನ ದಾರಿ ಅಲ್ಲಲ್ಲಿ ಕಡಿದುಹೋಗುತ್ತದೆ. ಅರೆಮನಸ್ಸಿನಲ್ಲಿ ನೂರಕ್ಕೆ ಎರಡು ಪಾಲು ಸಿಮೆಂಟ್ ಹಾಕಿ, ಜೇಡಿ ಹೆಚ್ಚಿರುವ ಮಣ್ಣಿನಲ್ಲಿ ಕಲಸಿದರೆ ಸಂದು ಕಿರಿದಾಗುತ್ತದೆ, ದಾರಿ ಮಾತ್ರ ಕಡಿಯುವುದಿಲ್ಲ. ಅಂಥ ಪದರ ಒಳ್ಳೆಯ ಬತ್ತಿಯಾಗುತ್ತದೆ.

ಏರಿಕೆಯ ವೇಗಕ್ಕೂ ಒಂದು ನಿಯಮವಿದೆ. ನೀರು ಸಾಗಿದ ದೂರ ಕಾಲದ ವರ್ಗಮೂಲದಂತೆ ಬೆಳೆಯುತ್ತದೆ. ಈ ಮಿಶ್ರಣದ ಒಣಗಿದ ಒಂದು ಗಟ್ಟಿಯನ್ನು ತಟ್ಟೆಯಲ್ಲಿ ಬೆರಳಗಲದ ನೀರಿಗೆ ಇಟ್ಟಾಗ ಮೊದಲ ಗಂಟೆಯಲ್ಲಿ ಕಪ್ಪು ಗೆರೆ ಮೂರು ಸೆಂಟಿಮೀಟರ್ ಏರಿತು ಎಂದಿಟ್ಟುಕೊಂಡರೆ, ಆರು ಸೆಂಟಿಮೀಟರಿಗೆ ನಾಲ್ಕು ಗಂಟೆ, ಒಂಬತ್ತಕ್ಕೆ ಒಂಬತ್ತು ಗಂಟೆ, ಹದಿನೈದಕ್ಕೆ ಇಪ್ಪತ್ತೈದು ಗಂಟೆ ಬೇಕು. ನೋಡುವವರಿಗೆ ಸಂಜೆಯ ಹೊತ್ತಿಗೆ ಗೆರೆ ನಿಂತೇಹೋಯಿತು ಎನಿಸುತ್ತದೆ. ಮರುದಿನ ಮಧ್ಯಾಹ್ನ ನೋಡಿದರೆ ತಲೆ ಮುಟ್ಟಿರುತ್ತದೆ. ಗೆರೆಯ ಕೆಳಗೆ ಗಟ್ಟಿ ಕಪ್ಪಗೆ, ಬೆರಳಿಗೆ ತಣ್ಣಗೆ, ಮೇಲೆ ಬೂದುಬಣ್ಣ. ನಡುವಿನ ಗೆರೆ ನೇರವಾಗಿರುವುದಿಲ್ಲ, ದಪ್ಪ ಜಲ್ಲಿ ಇರುವ ಕಡೆ ತಗ್ಗಿ, ಪುಡಿ ಇರುವ ಕಡೆ ಉಬ್ಬಿ ನಕ್ಷೆಯ ಗಡಿಯಂತೆ ಕಾಣುತ್ತದೆ.

ಇದರ ಜೊತೆಗೆ ಸಿಮೆಂಟೇ ನೀರನ್ನು ಕುಡಿಯುತ್ತದೆ. ಗಟ್ಟಿಯಾಗುವಾಗ ಸಿಮೆಂಟ್ ತನ್ನ ತೂಕದ ಕಾಲುಭಾಗದ ಹತ್ತಿರ ನೀರನ್ನು ರಾಸಾಯನಿಕವಾಗಿ ಹಿಡಿದಿಡುತ್ತದೆ. ಸಾವಿರ ಕಿಲೋ ಮಿಶ್ರಣದಲ್ಲಿ ನಲವತ್ತು ಕಿಲೋ ಸಿಮೆಂಟ್ ಇದ್ದರೆ ಒಂಬತ್ತು ಹತ್ತು ಲೀಟರ್ ನೀರು ಹೀಗೆ ಖರ್ಚು. ಆ ನೀರಿದ್ದ ಸಂದುಗಳು ಒಳಗಿಂದೊಳಗೆ ಒಣಗಿ, ಹೊರಗಿನ ತೇವಕ್ಕೆ ಬಾಯಿ ತೆರೆದು ಕೂರುತ್ತವೆ. ಪದರ ಹಾಕಿದ ಮೇಲೆ ಏಳು ದಿನ ಗೋಣಿಚೀಲ ಹೊದಿಸಿಯೋ ನೀರು ಚಿಮುಕಿಸಿಯೋ ಹಸಿಯಾಗಿಡಬೇಕು ಎಂಬ ನಿಯಮಕ್ಕೆ ಇದೂ ಒಂದು ಕಾರಣ. ಆ ಏಳು ದಿನ ತಪ್ಪಿಸಿದರೆ ಮೇಲ್ಭಾಗ ಪುಡಿಯಾಗಿ, ಬಿರುಕು ಬಿಟ್ಟು, ಮುಂದೆ ಎಷ್ಟು ವರ್ಷ ಕಳೆದರೂ ನೀರಿಗೆ ಸಲೀಸು ದಾರಿಯಾಗುತ್ತದೆ.

ಚಾಮರಾಜನಗರ ಕಡೆಯಿಂದ ಜೇವರ್ಗಿಗೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿ ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲಗಳನ್ನು ಹಾಯ್ದು ಉತ್ತರಕ್ಕೆ ನಡೆಯುತ್ತದೆ. ಆ ದಾರಿಯಲ್ಲಿ ಸಾಗಿದರೆ ನೆಲ ಒದ್ದೆಯಿಂದ ಒಣಕ್ಕೆ ತಿರುಗುವುದು ಬಸ್ಸಿನ ಕಿಟಕಿಯಿಂದಲೇ ಕಾಣುತ್ತದೆ. ಶ್ರೀರಂಗಪಟ್ಟಣ ಕಾವೇರಿಯ ಎರಡು ಕವಲಿನ ನಡುವಿನ ದ್ವೀಪ. ಅದರ ಸುತ್ತ ಚಿಕ್ಕದೇವರಾಯ ಸಾಗರ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆಗಳು ಕನ್ನಂಬಾಡಿ ಕಟ್ಟೆಗೂ ಹಿಂದಿನವು. 1911ರಲ್ಲಿ ಕೆಲಸ ಶುರುವಾದ ಆ ಕಟ್ಟೆ, ಅಂದರೆ ಕೃಷ್ಣರಾಜಸಾಗರ, ಮುಗಿದು ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದ ಮೇಲೆ ಪಾಂಡವಪುರದ ಕಡೆಯೂ ಗದ್ದೆ ಹಬ್ಬಿತು. ಕಟ್ಟೆಗೆ ಬಳಸಿದ್ದು ಸಿಮೆಂಟಲ್ಲ, ಸುರಕಿ: ಸುಟ್ಟ ಇಟ್ಟಿಗೆಯ ಪುಡಿ ಮತ್ತು ಸುಣ್ಣ. ಸುಟ್ಟ ಜೇಡಿಯಲ್ಲಿನ ಸಿಲಿಕಾ ಸುಣ್ಣದ ಜೊತೆ ಸೇರಿ ಕಟ್ಟುವ ಅಂಟು ಸಿಮೆಂಟಿನ ಅಂಟಿಗೆ ಹತ್ತಿರದ ನೆಂಟ. ಆ ಗಾರೆ ತಡೆದು ನಿಲ್ಲಿಸಿದ ನೀರೇ ಇಂದು ಸುತ್ತಮುತ್ತಲ ರಸ್ತೆಗಳ ಸಿಮೆಂಟ್ ಪದರವನ್ನು ಕೆಳಗಿನಿಂದ ನೆನೆಸುತ್ತಿದೆ.

ಕೆ.ಆರ್. ಪೇಟೆಯಲ್ಲಿ ಹೇಮಾವತಿ ಹರಿಯುತ್ತದೆ. ಅಕ್ಕಿಹೆಬ್ಬಾಳಿನ ಕಡೆ ಕೃಷ್ಣರಾಜಸಾಗರದ ಹಿನ್ನೀರು, ಗೊರೂರಿನ ಜಲಾಶಯದಿಂದ ಬರುವ ಹೇಮಾವತಿ ಎಡದಂಡೆ ನಾಲೆ, ಮಂದಗೆರೆಯ ಹಳೆಯ ಅಣೆಕಟ್ಟು, ಎಲ್ಲವೂ ತಾಲ್ಲೂಕಿನ ಒಂದೊಂದು ಮೂಲೆಯನ್ನು ಒದ್ದೆ ಮಾಡಿವೆ. ನಡುವಿನ ದಿಬ್ಬಗಳು ಒಣ. ಇಲ್ಲಿಯೂ ನಾಗಮಂಗಲದಲ್ಲಿಯೂ ಅನೇಕ ಊರಿನ ರಸ್ತೆ ಕೆರೆ ಏರಿಯ ಮೇಲೇ ಹಾದುಹೋಗುತ್ತದೆ. ಏರಿಯ ಮಣ್ಣಿನೊಳಗೆ ನೀರಿನ ಮಟ್ಟ ಕೆರೆಯ ಕಡೆಯಿಂದ ಗದ್ದೆಯ ಕಡೆಗೆ ಓರೆಯಾಗಿ ಇಳಿಯುತ್ತದೆ, ಹಾಗಾಗಿ ರಸ್ತೆಯ ಕೆರೆ ಬದಿಯ ಅರ್ಧಕ್ಕೆ ತೇವ ಹತ್ತಿರ, ಗದ್ದೆ ಬದಿಯ ಅರ್ಧಕ್ಕೆ ದೂರ. ನಾಗಮಂಗಲದ ಕೆಂಪು ಮೇಡಿನಲ್ಲಿ, ರಾಗಿ ಹುರುಳಿಯ ಹೊಲಗಳ ನಡುವೆ, ಅಂತರ್ಜಲ ಬಹಳ ಆಳದಲ್ಲಿದೆ. ಅಲ್ಲಿಂದ ರಸ್ತೆಯವರೆಗೆ ಯಾವ ಸಂದೂ ನೀರನ್ನು ಎಳೆದು ತರಲಾರದು.

ಆದರೂ ಆ ಒಣ ನೆಲದ ರಸ್ತೆಯ ಅಡಿಯಲ್ಲಿಯೂ ತೇವ ಇರುತ್ತದೆ. ಹೊಲದ ಬದುವಿನಲ್ಲಿ ಬಹುದಿನದಿಂದ ಬಿದ್ದಿರುವ ಚಪ್ಪಡಿ ಕಲ್ಲನ್ನು ಬೇಸಿಗೆಯಲ್ಲಿ ಮಗುಚಿದರೆ ಇದು ತಿಳಿಯುತ್ತದೆ. ಸುತ್ತಲ ಮಣ್ಣು ಧೂಳು, ಕಲ್ಲಿನ ಅಡಿ ಮಾತ್ರ ಹಸಿ, ಅಲ್ಲಿ ಇರುವೆ ಮೊಟ್ಟೆ, ಎರೆಹುಳು. ಮಣ್ಣಿನ ತೇವ ಆವಿಯಾಗಿ ಹೋಗುವ ಬಾಗಿಲನ್ನು ಕಲ್ಲು ಮುಚ್ಚಿದೆ. ಡಾಂಬರು ಮಾಡುವುದೂ ಅದನ್ನೇ. ಮಾಗಿಯ ರಾತ್ರಿ ರಸ್ತೆಯ ಮೈ ತಣ್ಣಗಾದಾಗ ಕೆಳಗಿನ ಬೆಚ್ಚನೆಯ ಮಣ್ಣಿನಿಂದ ಆವಿ ಮೇಲೇರಿ ಡಾಂಬರಿನ ಕೆಳಮೈಯಲ್ಲಿ ಹನಿಗಟ್ಟುತ್ತದೆ, ಅನ್ನದ ಪಾತ್ರೆಯ ಮುಚ್ಚಳದಲ್ಲಿ ನೀರು ಕಟ್ಟುವ ಹಾಗೆ. ವರ್ಷೊಪ್ಪತ್ತು ಕಳೆಯುವಷ್ಟರಲ್ಲಿ ರಸ್ತೆಯ ನಡುಭಾಗದ ತೇವ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಅಂಚಿನ ಒಂದು ಮೀಟರಿನಷ್ಟು ಅಗಲದಲ್ಲಿ ಮಾತ್ರ ಮಳೆ-ಬಿಸಿಲಿನ ಜೊತೆ ಏರಿಳಿತ ಮುಂದುವರಿಯುತ್ತದೆ. ಕಬ್ಬಿನ ಟ್ರ್ಯಾಕ್ಟರಿನ ಎಡಗಾಲಿ ಓಡುವುದು ಆ ಅಂಚಿನ ಮೇಲೇ.

ತೇವ ಬಂದರೆ ಆಗುವ ನಷ್ಟವೇನು? ಮೊದಲನೆಯದಾಗಿ, ಅರೆ ಒಣಗಿದ ಪದರದಲ್ಲಿ ಸಂದಿನ ನೀರು ಕಣಗಳನ್ನು ಒಂದಕ್ಕೊಂದು ಎಳೆದು ಹಿಡಿದಿರುತ್ತದೆ, ಅದು ಪುಕ್ಕಟೆ ಬಲ. ಸಂದು ತುಂಬಿದ ಕೂಡಲೇ ಆ ಎಳೆತ ಹೋಗುತ್ತದೆ. ಜೇಡಿ ಬೆರೆತಿದ್ದರೆ ಅದು ಮೆತ್ತಗಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಮನೆ ಕಟ್ಟಲು ಸಿಮೆಂಟ್ ಬೆರೆಸಿದ ಮಣ್ಣಿನ ಇಟ್ಟಿಗೆಗಳ ಮೇಲೆ ದಶಕಗಟ್ಟಲೆ ಕೆಲಸ ಮಾಡಿತು. ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮರೆಡ್ಡಿ ಅವರಂಥವರ ಈ ಕೆಲಸದಲ್ಲಿ ಇಟ್ಟಿಗೆಯನ್ನು ನೀರಿನಲ್ಲಿ ನೆನೆಸಿ, ಒದ್ದೆಯಾಗಿರುವಾಗಲೇ ಬಲ ಅಳೆಯುವುದು ರೂಢಿ. ತೊಯ್ದ ಇಟ್ಟಿಗೆಯ ಬಲ ಒಣ ಇಟ್ಟಿಗೆಯ ಅರ್ಧಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಹಳೇ ಮೈಸೂರಿನ ಕೆಂಪು ಮಣ್ಣು ಸಿಮೆಂಟಿಗೆ ಹೊಂದಿಕೊಳ್ಳುತ್ತದೆ, ಉಬ್ಬುವ ಎರೆಮಣ್ಣು ಅಷ್ಟು ಹೊಂದುವುದಿಲ್ಲ ಎಂಬ ಅನುಭವ ಗೋಡೆಗೆ ಹೇಗೋ ರಸ್ತೆಗೂ ಹಾಗೆಯೇ.

ಎರಡನೆಯದು ಗಾಲಿಯ ಒತ್ತಡ. ತುಂಬಿದ ಸಂದಿನ ಮೇಲೆ ಭಾರದ ಗಾಲಿ ಹಾದರೆ ನೀರಿಗೆ ಹೋಗಲು ಜಾಗವಿಲ್ಲ, ಅದು ಚಿಮ್ಮುತ್ತದೆ. ಮಳೆಗಾಲದಲ್ಲಿ ಕಬ್ಬಿನ ಲಾರಿ ದಾಟಿದ ಮೇಲೆ ಬಿರುಕಿನ ಬಾಯಿಂದ ತಿಳಿ ಗಂಜಿಯಂಥ ಬೂದು ನೀರು ಒಸರುವುದನ್ನು ಗಮನಿಸಿದವರಿದ್ದಾರೆ. ಅದು ಒಣಗಿದರೆ ಡಾಂಬರಿನ ಮೇಲೆ ನಯವಾದ ಪುಡಿಯ ಕಲೆ ಉಳಿಯುತ್ತದೆ. ಆ ಪುಡಿ ತಳಪದರದ ಹೊಟ್ಟೆಯೊಳಗಿನದೇ. ಪ್ರತಿ ಲಾರಿಗೂ ಚಿಟಿಕೆಯಷ್ಟು ಹೊರಬಂದು, ಪದರದ ಅಡಿಯಲ್ಲಿ ಪೊಳ್ಳು ಬೀಳುತ್ತದೆ. ಪೊಳ್ಳಿನ ಮೇಲೆ ಪದರ ಹೆಚ್ಚು ಬಾಗುತ್ತದೆ. ಸಿಮೆಂಟ್ ಪದರಕ್ಕೆ ಬಾಗುವುದು ಎಷ್ಟು ದುಬಾರಿ ಎಂಬುದನ್ನು ಐಆರ್‌ಸಿ 37ರ ದಣಿವಿನ ಸೂತ್ರದಲ್ಲಿ ನೋಡಬಹುದು. ಅಲ್ಲಿ ಆಯುಸ್ಸು, ಬಾಗುವಾಗ ಪದರದ ತಳ ಹಿಗ್ಗುವ ಎಳೆತದ ಹನ್ನೆರಡನೇ ಘಾತಕ್ಕೆ ವಿಲೋಮ. ಎಳೆತ ಹತ್ತರಲ್ಲಿ ಒಂದು ಪಾಲು ಹೆಚ್ಚಿದರೂ ಆಯುಸ್ಸು ಮೂರನೇ ಒಂದು ಭಾಗಕ್ಕೆ ಕುಸಿಯುತ್ತದೆ. ಗುಂಡಿ ಒಂದೇ ಮಳೆಗಾಲದಲ್ಲಿ ದಿಢೀರನೆ ಹುಟ್ಟಿದಂತೆ ಕಾಣುವುದಕ್ಕೆ ಈ ಹನ್ನೆರಡೂ ಒಂದು ಕಾರಣ.

ಮೂರನೆಯದು ನೆನೆಯುವುದು, ಒಣಗುವುದು, ಮತ್ತೆ ನೆನೆಯುವುದು. ಇದಕ್ಕೆ ಭಾರತೀಯ ಮಾನಕ ಐಎಸ್ 4332ರಲ್ಲಿ ಒಂದು ಪರೀಕ್ಷೆಯೇ ಇದೆ. ಗಟ್ಟಿಯನ್ನು ಐದು ಗಂಟೆ ನೀರಿನಲ್ಲಿಟ್ಟು, ಒಲೆಯಲ್ಲಿ ನಲವತ್ತೆರಡು ಗಂಟೆ ಒಣಗಿಸಿ, ತಂತಿ ಬ್ರಷ್ಷಿನಿಂದ ಉಜ್ಜಬೇಕು. ಹೀಗೆ ಹನ್ನೆರಡು ಸುತ್ತು. ಬೇಸ್ ಪದರದ ಗಟ್ಟಿ ಶೇ. 14ಕ್ಕಿಂತ ಹೆಚ್ಚು ತೂಕ ಕಳೆದುಕೊಳ್ಳಕೂಡದು. ನಾಲೆ ಬಯಲಿನ ರಸ್ತೆಗೆ ಈ ಪರೀಕ್ಷೆ ಪ್ರಯೋಗಾಲಯದ ಹೊರಗೂ ನಡೆಯುತ್ತಲೇ ಇರುತ್ತದೆ. ಕಟ್ಟು ಪದ್ಧತಿಯಲ್ಲಿ ನಾಲೆಗೆ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸಿದರೆ ಬದಿಯ ರಸ್ತೆಯ ಅಂಚು ಅದೇ ತಾಳದಲ್ಲಿ ನೆನೆದು ಒಣಗುತ್ತದೆ. ಬ್ರಷ್ಷಿನ ಕೆಲಸವನ್ನು ಗಾಲಿಗಳು ಮಾಡುತ್ತವೆ. ನಾಲೆಯಲ್ಲಿ ಸದಾ ನೀರಿರುವುದಕ್ಕಿಂತ ಬಂದು ಹೋಗುವುದೇ ಪದರಕ್ಕೆ ಹೆಚ್ಚು ಕೆಟ್ಟದ್ದು ಎಂದರೆ ರೈತರಿಗೆ ವಿಚಿತ್ರವೆನಿಸಬಹುದು.

ನೀರಿನ ಜೊತೆ ಉಪ್ಪೂ ಏರುತ್ತದೆ. ಬಸಿದು ಹೋಗಲು ದಾರಿಯಿಲ್ಲದ ತಗ್ಗು ಗದ್ದೆಗಳಲ್ಲಿ ನೆಲ ಮೊದಲು ಜೌಗಾಗಿ ಆಮೇಲೆ ಚೌಳಾಗುವುದು ನೀರಾವರಿ ಪ್ರದೇಶಕ್ಕೆ ಹಳೆಯ ರೋಗ. ಅಂಥ ಕಡೆ ರಸ್ತೆಯ ಅಂಚಿನಲ್ಲಿ ನೀರು ಆವಿಯಾಗಿ ಹೋದರೂ ಉಪ್ಪು ಉಳಿಯುತ್ತದೆ, ಹಳೆಯ ಮನೆಯ ಗೋಡೆ ಮೊಳಕಾಲೆತ್ತರಕ್ಕೆ ಬಿಳಿ ಹಿಡಿದು ಗಾರೆ ಉದುರುವ ಹಾಗೆ. ಹರಳುಗಟ್ಟುವ ಉಪ್ಪು ತೆಳು ಡಾಂಬರನ್ನು ಗುಳ್ಳೆಯಂತೆ ಎಬ್ಬಿಸುತ್ತದೆ. ಸಲ್ಫೇಟ್ ಉಪ್ಪಾದರೆ ಸಿಮೆಂಟಿನ ಅಂಶಗಳ ಜೊತೆ ಸೇರಿ ಉಬ್ಬುವ ಹೊಸ ಹರಳನ್ನೇ ಹುಟ್ಟಿಸುತ್ತದೆ. ಗಾಳಿಯ ಇಂಗಾಲದ ಡೈ ಆಕ್ಸೈಡ್ ಸಂದಿಗೆ ನುಗ್ಗಿ ಸಿಮೆಂಟಿನ ಕ್ಷಾರವನ್ನು ತಿನ್ನುವುದು ಇನ್ನೊಂದು. ಅರೆ ತೇವದ ಪದರದಲ್ಲಿ ಅದು ಬಲು ಚುರುಕು, ತೀರ ಒಣಗಿದ್ದರೂ ಪೂರ್ತಿ ನೆನೆದಿದ್ದರೂ ನಿಧಾನ. ದಕ್ಷಿಣ ಆಫ್ರಿಕಾದ ಎಂಜಿನಿಯರುಗಳು ಇದರಿಂದ ಬಹಳ ಪಾಠ ಕಲಿತರು.

ತೇವ ಎಷ್ಟು ಏರಿದೆ ಎಂದು ತಿಳಿಯಲು ಗಟ್ಟಿಯನ್ನು ತೂಗಿದರೆ ಸಾಲದು, ಯಾಕೆಂದರೆ ಎಲ್ಲ ನೀರೂ ಒಂದೇ ಥರ ಹಾನಿ ಮಾಡುವುದಿಲ್ಲ. ಕಣಕ್ಕೆ ಬಿಗಿಯಾಗಿ ಅಂಟಿದ ನೀರು ನಿರಪಾಯಕಾರಿ. ಸಂದಿನಲ್ಲಿ ಸಡಿಲವಾಗಿ ಅಲೆಯುವ ನೀರೇ ಕಳ್ಳ. 1990ರ ದಶಕದಲ್ಲಿ ಫಿನ್ಲೆಂಡಿನ ಟಿಮೊ ಸಾರೆನ್‌ಕೆಟೊ ಮತ್ತು ಅಮೆರಿಕದ ಟೆಕ್ಸಾಸ್‌ನ ಟಾಮ್ ಸ್ಕಲಿಯನ್ ಇದಕ್ಕೊಂದು ಚಂದದ ಉಪಾಯ ಹುಡುಕಿದರು. ಒಣಗಿಸಿದ ಗಟ್ಟಿಯನ್ನು ಬೆರಳಷ್ಟೂ ಆಳವಿಲ್ಲದ ನೀರಿನಲ್ಲಿ ಹತ್ತು ದಿನ ನಿಲ್ಲಿಸಿ, ಅದರ ತಲೆಯ ಮೇಲೆ ಒಂದು ಸಣ್ಣ ವಿದ್ಯುತ್ ಶೋಧಕ ಇಟ್ಟು ಡೈಎಲೆಕ್ಟ್ರಿಕ್ ಅಂಕಿ ಓದುವುದು. ಗಾಳಿಯ ಅಂಕಿ 1, ಒಣ ಕಲ್ಲಿನದು 4ರಿಂದ 6, ಸಡಿಲ ನೀರಿನದು 81. ಗಟ್ಟಿಯ ತಲೆಯಲ್ಲಿ ಅಂಕಿ 10ರೊಳಗೆ ನಿಂತರೆ ಸಾಮಗ್ರಿ ಒಳ್ಳೆಯದು, 16 ದಾಟಿದರೆ ಬೇಡ, ನಡುವೆ ಇದ್ದರೆ ಅನುಮಾನ. ಆಸ್ಟ್ರೇಲಿಯಾದಲ್ಲಿ ಗಟ್ಟಿಯನ್ನು ಹತ್ತು ಮಿಲಿಮೀಟರ್ ನೀರಿನಲ್ಲಿಟ್ಟು ಏರಿಕೆ, ಹೀರಿಕೆ, ಉಬ್ಬು ಮೂರನ್ನೂ ನೇರವಾಗಿ ಅಳೆಯುತ್ತಾರೆ. ನಮ್ಮಲ್ಲಿ ಬಲದ ಪರೀಕ್ಷೆಗೆ ಸಿಗುವ ಗಮನ ಈ ಹೀರಿಕೆಯ ಪರೀಕ್ಷೆಗೆ ಸಿಕ್ಕಿಲ್ಲ. ಮಂಡ್ಯ ಜಿಲ್ಲೆಯಂಥ ಕಡೆ ಎರಡನೆಯದೇ ಹೆಚ್ಚು ಮುಖ್ಯ.

ಏರಿಕೆಯನ್ನು ತಡೆಯುವ ದಾರಿಗಳು ಸಿಮೆಂಟಿನ ಚೀಲದಲ್ಲಿಲ್ಲ, ಹೆಚ್ಚಿನವು ಅದರ ಹೊರಗಿವೆ. ಜೌಗು ನೆಲದ ರಸ್ತೆಗೆಂದೇ ಇಂಡಿಯನ್ ರೋಡ್ ಕಾಂಗ್ರೆಸ್ ಐಆರ್‌ಸಿ 34 ಎಂಬ ಶಿಫಾರಸನ್ನು 1970ರಲ್ಲೇ ಹೊರತಂದು, 2011ರಲ್ಲಿ ಪರಿಷ್ಕರಿಸಿತು. ರಸ್ತೆಯನ್ನು ಎತ್ತರಿಸು, ನೀರಿನ ಮಟ್ಟವನ್ನು ಬಸಿಗಾಲುವೆಯಿಂದ ಇಳಿಸು, ಇವೆರಡೂ ಆಗದಿದ್ದರೆ ನಡುವೆ ತೇವ ಕಡಿಯುವ ಪದರ ಹಾಕು ಎಂಬುದು ಅದರ ಸಾರ. ಕಡಿಯುವ ಪದರ ಎಂದರೆ ದಪ್ಪ ಮರಳು ಅಥವಾ ತೊಳೆದ ಜಲ್ಲಿ. ಜಲ್ಲಿಯ ನಡುವಿನ ಸಂದು ಎರಡು ಮಿಲಿಮೀಟರ್ ತ್ರಿಜ್ಯದ್ದಾದರೆ ಜ್ಯೂರಿನ್ ಲೆಕ್ಕದಲ್ಲಿ ನೀರು ಒಂದು ಸೆಂಟಿಮೀಟರ್ ಕೂಡ ಏರದು. ಹಳ್ಳಿಯಲ್ಲಿ ಮಣ್ಣಿನ ಗೋಡೆಯನ್ನು ನೆಲದಿಂದ ಎಬ್ಬಿಸದೆ ಕಲ್ಲಿನ ಕಟ್ಟಡದ ಮೇಲೆ ಕೂರಿಸುತ್ತಿದ್ದವರಿಗೆ ಈ ಲೆಕ್ಕ ಬಾರದಿದ್ದರೂ ಫಲ ಗೊತ್ತಿತ್ತು. ಜಲ್ಲಿ ಪದರಕ್ಕೆ ಎರಡು ಷರತ್ತು: ಕೆಳಗಿನ ಜೇಡಿ ಅದರೊಳಗೆ ನುಗ್ಗಿ ಸಂದು ಮುಚ್ಚದ ಹಾಗೆ ಜಿಯೋಟೆಕ್ಸ್‌ಟೈಲ್ ಬಟ್ಟೆಯೋ ಮರಳೋ ಬೇಕು, ಮತ್ತು ಪದರದ ತುದಿ ರಸ್ತೆಯ ಇಳಿಜಾರಿನಲ್ಲಿ ಬಯಲಿಗೆ ತೆರೆದಿರಬೇಕು. ಅಂಚಿಗೆ ಮಣ್ಣು ಸುರಿದು ಆ ಬಾಯಿ ಮುಚ್ಚಿದರೆ ಅದು ನೀರಿನ ತೊಟ್ಟಿಯಾಗುತ್ತದೆ. ಈ ತಪ್ಪು ಅಪರೂಪದ್ದಲ್ಲ.

ಮಿಶ್ರಣದಲ್ಲಿಯೇ ಮಾಡಬಹುದಾದದ್ದೂ ಇದೆ. 75 ಮೈಕ್ರಾನಿಗಿಂತ ಸಣ್ಣ ಪುಡಿಯನ್ನು ಮಿತಿಯಲ್ಲಿಡುವುದು ಮುಖ್ಯ, ಕ್ರಷರ್ ಪುಡಿ ಅಗ್ಗವೆಂದು ಸುರಿದರೆ ಬತ್ತಿ ತಯಾರಾಗುತ್ತದೆ. ಸಿಮೆಂಟ್ ಪದರ ಒಣಗುವಾಗ ಕುಗ್ಗಿ ಅಡ್ಡಡ್ಡ ಬಿರಿಯುವುದು ಸಹಜ. ಆ ಬಿರುಕು ಡಾಂಬರಿಗೆ ಹತ್ತದಂತೆ ಐಆರ್‌ಸಿ 37 ನಡುವೆ ಒಂದು ಜಲ್ಲಿ ಪದರವನ್ನು ಕೇಳುತ್ತದೆ. ಪದರ ಹಾಕಿದ ಒಂದೆರಡು ದಿನಕ್ಕೆ ಕಂಪಿಸುವ ರೋಲರ್ ಹಾಯಿಸಿ ಕಣ್ಣಿಗೆ ಕಾಣದ ನೂರಾರು ಸೂಕ್ಷ್ಮ ಬಿರುಕುಗಳನ್ನು ಬೇಕೆಂದೇ ಎಬ್ಬಿಸುವ ರೂಢಿ ಟೆಕ್ಸಾಸ್‌ನಲ್ಲಿದೆ, ಒಂದು ದೊಡ್ಡ ಬಿರುಕಿಗಿಂತ ನೂರು ಕೂದಲೆಳೆ ವಾಸಿ ಎಂದು.

ಈಗಾಗಲೇ ಇರುವ ರಸ್ತೆಯಲ್ಲಿ ಉಳಿಯುವುದು ಬದಿಯ ಕೆಲಸ. ಅಂಚಿನ ಮಣ್ಣಿನ ಪಟ್ಟಿಯನ್ನೂ ಡಾಂಬರಿನಿಂದ ಮುಚ್ಚಿದರೆ ಏರಿಳಿತದ ವಲಯ ಗಾಲಿಯಿಂದ ದೂರ ಸರಿಯುತ್ತದೆ. ಬಸಿಗಾಲುವೆಯ ತಳ ಸಿಮೆಂಟ್ ಪದರದ ತಳಕ್ಕಿಂತ ಕೆಳಗಿರಬೇಕು, ಇಲ್ಲವಾದರೆ ಕಾಲುವೆಯೇ ರಸ್ತೆಗೆ ನೀರುಣಿಸುತ್ತದೆ. ಗದ್ದೆಯಿಂದ ಗದ್ದೆಗೆ ನೀರು ಹಾಯಿಸಲು ರಸ್ತೆಯನ್ನು ಅಡ್ಡ ಕೊಯ್ದು ಪೈಪ್ ಹೂತು ಮಣ್ಣು ಮುಚ್ಚುವುದು ಈ ಭಾಗದಲ್ಲಿ ದಿನನಿತ್ಯದ ಮಾತು. ಹಾಗೆ ಕೊಯ್ದ ಕಡೆ ಪದರದ ಹಸಿ ಅಂಚು ಎರಡೂ ಬದಿಗೆ ತೆರೆದುಕೊಳ್ಳುತ್ತದೆ, ಪೈಪಿನ ಜೋಡಣೆಯಿಂದ ಒಸರುವ ನೀರು ಆ ಅಂಚಿನಿಂದಲೇ ಮೇಲಕ್ಕೂ ಅಡ್ಡಕ್ಕೂ ಹಬ್ಬುತ್ತದೆ. ಅಗೆದ ಜಾಗವನ್ನು ಅದೇ ಮಣ್ಣಿನಿಂದ ತುಂಬದೆ, ಪೈಪಿನ ಸುತ್ತ ಕಾಂಕ್ರೀಟ್ ಹಾಕಿ, ಮೇಲಿನ ಪದರವನ್ನು ಮತ್ತೆ ಸಿಮೆಂಟ್ ಬೆರೆಸಿಯೇ ಗಟ್ಟಿಸಿ ಮುಚ್ಚಿದರೆ ನೀರಿನ ಆ ದಾರಿ ಅಲ್ಲಿಗೇ ನಿಲ್ಲುತ್ತದೆ.